ಕುತ್ತಿಗೆಯ ಕಪ್ಪು ಕೊಳೆಯಲ್ಲ

ಓದುಗರ ಪ್ರಶ್ನೆಗಳಿಗೆ ಚರ್ಮವೈದ್ಯೆ ಮತ್ತು ಆಪ್ತಸಮಾಲೋಚಕಿ ಸೇರಿ ಉತ್ತರಿಸಿದ್ದಾರೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಬಣ್ಣ, ತೂಕ, ಮೈಕಟ್ಟಿನ ಬಗ್ಗೆ. ಬರೆದವರ ಹೆಸರು ಕೈಬಿಟ್ಟು, ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ಮಗಳಿಗೆ 14 ವರ್ಷ. ಒಂದು ವರ್ಷದಿಂದ ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ, ಕಂಕುಳಲ್ಲೂ ಇದೆ. ಉಪ್ಪು-ನಿಂಬೆಹಣ್ಣು, ಕಡಲೆಹಿಟ್ಟು, ಕೊನೆಗೆ ಹಿಮ್ಮಡಿ ತಿಕ್ಕುವ ಕಲ್ಲು, ಎಲ್ಲ ಆಯಿತು. ಶಾಲೆಯಲ್ಲಿ "ಜಳಕ ಮಾಡಂಗಿಲ್ಲೇನು?" ಅಂತ ಕೇಳುತ್ತಾರಂತೆ. ಶಾಲೆಗೆ ಎರಡು ಜಡೆ ಹಾಕಲೇಬೇಕು, ಹಾಕಿದರೆ ಕುತ್ತಿಗೆ ಕಾಣುತ್ತದೆ. ದಿನಾ ಬೆಳಿಗ್ಗೆ ಅಳು.
– ಒಬ್ಬ ತಾಯಿ, ಮುಧೋಳ

ಉತ್ತರ: ಮೊದಲು ಆ ಕಲ್ಲು ಎತ್ತಿಡಿ. ಸಂಶಯವಿದ್ದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದು ಕಡೆ ಮೆಲ್ಲಗೆ ಒರೆಸಿ ನೋಡಿ. ಹತ್ತಿ ಕಂದಾಗಿ ಅಡಿಯಲ್ಲಿ ತಿಳಿ ಚರ್ಮ ಕಂಡರೆ ಅದು ಕೊಳೆ. ಹತ್ತಿ ಬೆಳ್ಳಗೇ ಉಳಿದರೆ ಚರ್ಮದ್ದೇ ಬದಲಾವಣೆ. ಆಮೇಲೆ ಕಿಟಕಿಯ ಬೆಳಕಿನಲ್ಲಿ ಬೆರಳಾಡಿಸಿ ನೋಡಿ: ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ ಅನಿಸಿ, ಗೆರೆಗಳು ಆಳವಾಗಿದ್ದರೆ ಅದಕ್ಕೆ ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ಗಿಲೀಟು ಸರದಿಂದ ಆದ ಕಪ್ಪಾದರೆ ಸರ ತಾಗುವಲ್ಲಿ ಮಾತ್ರ ಇರುತ್ತದೆ, ತುರಿಕೆಯೂ ಇರುತ್ತದೆ. ಕಂಕುಳಲ್ಲಿ ಆಗುವುದಿಲ್ಲ.

ಕಾರಣ ಚರ್ಮದ ಮೇಲಿಲ್ಲ, ರಕ್ತದಲ್ಲಿದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೇಗಬೇಗ ಬೆಳೆಸುತ್ತದೆ, ಮಡಿಕೆ ಬೀಳುವ ಜಾಗಗಳಲ್ಲಿ ಅದು ಮೊದಲು ಕಾಣುತ್ತದೆ. ತಿಕ್ಕಿದಷ್ಟೂ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ದಪ್ಪವಾಗುತ್ತದೆ, ಇನ್ನೂ ಕಪ್ಪಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೇರೆ. ನಿಮ್ಮ ಮಗಳ ಕುತ್ತಿಗೆಯಲ್ಲಿ ಈಗ ಇರುವ ಕಪ್ಪಿನಲ್ಲಿ ಒಂದು ಪಾಲು ಕಲ್ಲಿನದೇ ಇರಬಹುದು.

ಮಕ್ಕಳ ವೈದ್ಯರ ಹತ್ತಿರ ಕರೆದೊಯ್ಯಿರಿ. ಎತ್ತರ, ತೂಕ ಅಳೆದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಬೆಳವಣಿಗೆ ನಕ್ಷೆಯಲ್ಲಿ ಗುರುತಿಸಲು ಕೇಳಿ. 14 ವರ್ಷದ ಹುಡುಗಿಗೆ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ) ಲೆಕ್ಕ ಹೊಂದುವುದಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸುತ್ತಾರೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾಳೆ ಎಂದರ್ಥ; ಹಿಂದೆ ಬರಲು ಸಮಯವಿದೆ. ಮುಟ್ಟಿನ ದಿನಾಂಕ ಬರೆದಿಟ್ಟು ಒಯ್ಯಿರಿ. ಮೈನೆರೆದು 3 ವರ್ಷದೊಳಗೆ 21ರಿಂದ 45 ದಿನಗಳ ಅಂತರ ಸಹಜ. ಆದರೆ "ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇರಬಹುದು, ಸ್ಕ್ಯಾನ್ ಮಾಡಿಸೋಣ" ಎಂದು ಅವಸರ ಮಾಡಬೇಡಿ. ಮೈನೆರೆದ ಮೊದಲ 8 ವರ್ಷ ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು ಕಾಣುವುದು ಮಾಮೂಲು. ಆ ವಯಸ್ಸಿನಲ್ಲಿ ಸ್ಕ್ಯಾನ್ ನೋಡಿ ಪಿಸಿಓಡಿ ಎಂದು ಹೇಳಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಆ ಚೀಟಿ ಹಿಡಿದು ಎಷ್ಟೋ ಹುಡುಗಿಯರು "ನನಗೆ ಮಕ್ಕಳಾಗುವುದಿಲ್ಲ" ಎಂದು ಕೊರಗುತ್ತಾರೆ.

ಬೆಳೆಯುವ ಹುಡುಗಿಯ ತೂಕ ಇಳಿಸುವುದಕ್ಕಿಂತ, ಎತ್ತರ ಏರುವಾಗ ತೂಕ ನಿಂತಲ್ಲೇ ನಿಲ್ಲುವಂತೆ ನೋಡಿಕೊಂಡರೆ ಬಹಳ ಸಲ ಸಾಕಾಗುತ್ತದೆ. ರೊಟ್ಟಿ ಬಿಡಿಸಬೇಡಿ. (ಮನೆಯಲ್ಲಿ ಜೋಳ ಇಟ್ಟುಕೊಂಡು ತೂಕಕ್ಕೆಂದು ಪೇಟೆಯ ಓಟ್ಸ್ ತರುವುದು ಯಾವ ಲೆಕ್ಕವೋ!) 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನ್, 170 ಕ್ಯಾಲರಿ. ಎರಡು ರೊಟ್ಟಿ, ಒಂದು ಬಟ್ಟಲು ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಸೌತೆ-ಮೂಲಂಗಿ ಪಚಡಿ, ಮೊಸರು: ಇದಕ್ಕಿಂತ ಒಳ್ಳೆಯ ಊಟ ಯಾವ ಡಯಟ್ ಚಾರ್ಟಿನಲ್ಲೂ ಇಲ್ಲ. ಕತ್ತರಿ ಹಾಕಬೇಕಾದದ್ದು ಬೆಳಗಿನ ಚಹಾ-ಖಾರಿ-ಟೋಸ್ಟಿಗೆ, ಸಂಜೆಯ ಮಿರ್ಚಿ ಭಜಿಗೆ, ತಂಪು ಪಾನೀಯಕ್ಕೆ. 250 ಮಿ.ಲೀ. ಬಾಟಲಿಯಲ್ಲಿ ಐದಾರು ಚಮಚ ಸಕ್ಕರೆ ಇರುತ್ತದೆ. ದಿನಕ್ಕೆ 60 ನಿಮಿಷ ಮೈ ಬೆವರಬೇಕು. ಖೋಖೋ, ಸ್ಕಿಪ್ಪಿಂಗ್, ಸೈಕಲ್ ಯಾವುದಾದರೂ ಸರಿ, ಮೂರು ಕಂತಾದರೂ ಸರಿ.

ಇದನ್ನು ಅವಳೊಬ್ಬಳಿಗೆ ಪಥ್ಯ ಮಾಡಬೇಡಿ. ಅಣ್ಣನಿಗೆ ಭಜಿ, ಇವಳಿಗೆ ಸೌತೆಕಾಯಿ ಎಂದಾದರೆ ಕದ್ದು ತಿನ್ನುವುದು ಶುರುವಾಗುತ್ತದೆ. ಇನ್ಸುಲಿನ್ ಇಳಿದ ಮೇಲೂ ಬಣ್ಣ ತಿಳಿಯಾಗಲು ತಿಂಗಳುಗಳು ಬೇಕು. ಹಚ್ಚುವ ಔಷಧ ವೈದ್ಯರು ಕೊಟ್ಟರೆ ಸ್ವಲ್ಪ ಸಹಾಯವಾಗುತ್ತದೆ. ಅಲ್ಲಿಯವರೆಗೆ ಜಡೆಯನ್ನು ಸಡಿಲವಾಗಿ, ಕೆಳಗೆ ಹಾಕಲು ಬಿಡುವಂತೆ ವರ್ಗಶಿಕ್ಷಕಿಗೆ ಹೇಳಿ. "ಇದು ಕೊಳೆಯಲ್ಲ, ಔಷಧ ನಡೆದದ" ಎಂಬ ಒಂದು ಮಾತನ್ನು ಮಗಳಿಗೆ ಕಲಿಸಿ ಕಳಿಸಿ. ಕೇಳಿದವರಿಗೆ ಅಷ್ಟೇ ಹೇಳಿದರೆ ಸಾಕು.

ಪ್ರಶ್ನೆ: ನನಗೆ 23. ನೋಡಲು ಬಂದ ಗಂಡಿನ ಕಡೆಯವರು ಎರಡು ಸಲ "ಬಣ್ಣ ಸ್ವಲ್ಪ ಕಡಿಮಿ" ಅಂದರು. ವೈನಿ ಹೇಳಿದ ಕ್ರೀಮನ್ನು ಮೆಡಿಕಲ್ ಶಾಪಿನಿಂದ ತಂದು 8 ತಿಂಗಳು ಹಚ್ಚಿದೆ. ಮೊದಲ ತಿಂಗಳು ಎಲ್ಲರೂ ಹೊಗಳಿದರು. ಈಗ ಎರಡು ದಿನ ಬಿಟ್ಟರೆ ಉರಿ, ಕೆಂಪು, ಗುಳ್ಳೆ. ಗದ್ದದಲ್ಲಿ ಕೂದಲೂ ಬಂದಿದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ.
– ವಿಜಯಪುರ

ಉತ್ತರ: ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳ ಫೋಟೋ ತೆಗೆದು, ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ – ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದು ಸ್ಟಿರಾಯ್ಡ್. ಜೊತೆಗೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಕೂಡ ಇದ್ದರೆ ಅದು ಬಂಗು ಎಂಬ ಮುಖದ ಕಂದು ಕಲೆಗೆ ಕೆಲವೇ ವಾರಗಳ ಮಟ್ಟಿಗೆ ವೈದ್ಯರು ಬರೆದುಕೊಡುವ ಮಿಶ್ರಣ, ಸೌಂದರ್ಯವರ್ಧಕವಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ.

ಮೊದಲು ಬೆಳ್ಳಗಾದದ್ದು ಯಾಕೆ? ಸ್ಟಿರಾಯ್ಡ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಣ್ಣ ತಯಾರಾಗುವುದನ್ನೂ ತಗ್ಗಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ ನಾಳಗಳು ಹಿಗ್ಗುತ್ತವೆ, ಮೊಡವೆ-ಕೂದಲು ಬರುತ್ತವೆ. ಬಿಟ್ಟಾಗ ಏಳುವ ಉರಿ ನಿಮ್ಮ ಚರ್ಮದ ರೋಗವಲ್ಲ, ಕ್ರೀಮಿನ ಚಟ ಬಿಡುವಾಗಿನ ಒದ್ದಾಟ. ತಡೆಯಲಾರದೆ ಮತ್ತೆ ಹಚ್ಚಿದರೆ ಲೆಕ್ಕ ಮೊದಲಿನಿಂದ ಶುರು.

ಟ್ಯೂಬ್ ಹಿಡಿದುಕೊಂಡೇ ಚರ್ಮವೈದ್ಯರ ಹತ್ತಿರ ಹೋಗಿ. ಕೆಲವರಿಗೆ ಒಮ್ಮೆಲೇ ನಿಲ್ಲಿಸುತ್ತಾರೆ, ಕೆಲವರಿಗೆ ಕಡಿಮೆ ಶಕ್ತಿಯದು ಕೊಟ್ಟು ಹಂತಹಂತವಾಗಿ ಬಿಡಿಸುತ್ತಾರೆ. ಮೊದಲ ವಾರಗಳಲ್ಲಿ ಮುಖ ಇನ್ನೂ ಕೆಟ್ಟಂತೆ ಕಾಣುವುದು ಖಂಡಿತ, ಆದ್ದರಿಂದ ಆ ಸಮಯದಲ್ಲಿ ಮದುವೆ, ಫೋಟೋ ಇಟ್ಟುಕೊಳ್ಳಬೇಡಿ. ಉರಿ ಎದ್ದಾಗ ತಣ್ಣೀರಿನಲ್ಲಿ ಅದ್ದಿದ ಮೆತ್ತಗಿನ ಬಟ್ಟೆ 10 ನಿಮಿಷ ಇಡಿ. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಕಡಲೆಹಿಟ್ಟು, ನಿಂಬೆ, ಬ್ಲೀಚ್, ಫೇಶಿಯಲ್ ಎಲ್ಲ ಬಂದ್. ವಿಜಯಪುರದ ಬಿಸಿಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು. ಜಿಂಕ್ ಆಕ್ಸೈಡ್ ಇರುವಂಥದ್ದು ಈ ಹಂತದಲ್ಲಿ ಕಡಿಮೆ ಉರಿಯುತ್ತದೆ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು ಒಂದು ಮುಖಕ್ಕೆ. ಬಟಾಣಿಯಷ್ಟು ಹಚ್ಚಿ "ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು.

ಲೇಬಲ್ಲೇ ಇಲ್ಲದ ಡಬ್ಬಿಯಾದರೆ ಭಯ ಬೇರೆ: ಅಂಥವುಗಳಲ್ಲಿ ಪಾದರಸ ಸಿಕ್ಕ ಉದಾಹರಣೆಗಳಿವೆ, ಅದು ಮೂತ್ರಪಿಂಡ ಕೆಡಿಸುತ್ತದೆ. ಕಾಲು ಬಾತರೆ, ಮೂತ್ರದಲ್ಲಿ ನೊರೆ ಬಂದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ.

ಬಣ್ಣದ ಮಾತಿಗೆ ಬರೋಣ. ಮೇಲ್ದೋಳಿನ ಒಳಬದಿ ನೋಡಿಕೊಳ್ಳಿ. ಬಿಸಿಲು ಕಾಣದ ಆ ಜಾಗದ ಬಣ್ಣವೇ ನಿಮ್ಮ ಹುಟ್ಟುಬಣ್ಣ. ಸರಿಯಾದ ಆರೈಕೆಯಿಂದ ಮುಖ ಅಲ್ಲಿಯವರೆಗೆ ಬರಬಹುದು, ಅದರಾಚೆ ಯಾವ ಕ್ರೀಮೂ ಸುರಕ್ಷಿತವಾಗಿ ಒಯ್ಯುವುದಿಲ್ಲ. 2020ರಲ್ಲಿ ದೇಶದ ಅತಿ ಪರಿಚಿತ ಕ್ರೀಮೊಂದು ತನ್ನ ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಇಟ್ಟುಕೊಂಡಿತು. ಗಂಡು ಹುಡುಕುವ ಬಯೋಡೇಟಾದಲ್ಲಿ ಮಾತ್ರ "ಗೋಧಿ ಬಣ್ಣ" ಇನ್ನೂ ಕೂತಿದೆ. ಆ ಸಾಲನ್ನು ತೆಗೆಸಿ, ಫಿಲ್ಟರ್ ಇಲ್ಲದ ಫೋಟೋ ಕಳಿಸಲು ಮನೆಯವರಿಗೆ ಹೇಳಿ. ಬಣ್ಣಕ್ಕೆ ಬೇಡವೆನ್ನುವವರು ಮನೆಗೆ ಬಂದು ಅವಲಕ್ಕಿ ತಿಂದು ಹೇಳುವ ಬದಲು ಫೋಟೋ ನೋಡಿಯೇ ಬೇಡವೆನ್ನಲಿ.

ಪ್ರಶ್ನೆ: ಹಾಸ್ಟೆಲಿನಲ್ಲಿ ನನ್ನ ರೂಮಿನ ಗೆಳತಿ, ಪಿಯು ಮೊದಲ ವರ್ಷ, ಹಗಲಿಡೀ ಸೌತೆಕಾಯಿ ತಿಂದು ಇರುತ್ತಾಳೆ. ರಾತ್ರಿ ಒಮ್ಮೆಲೇ ಬಹಳ ತಿಂದು, ನಳ ಬಿಟ್ಟು ಬಾತ್‌ರೂಮಿನಲ್ಲಿ ಕೂರುತ್ತಾಳೆ. ಮೂರು ತಿಂಗಳಿಂದ ಪ್ಯಾಡ್ ತಂದಿಲ್ಲ. ಯಾರಿಗೂ ಹೇಳಬೇಡ ಎಂದಿದ್ದಾಳೆ.
– ಬೆಳಗಾವಿ

ಉತ್ತರ: ಈ ಗುಟ್ಟನ್ನು ಕಾಯಬೇಡಿ. ಅವಳು ನಳ ಬಿಡುವುದು ವಾಂತಿಯ ಸದ್ದು ಅಡಗಿಸಲು ಇರಬಹುದು. ನೀವು ಬರೆದ ಮೂರೂ ಲಕ್ಷಣಗಳು ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯ ಕಡೆ ಬೊಟ್ಟು ಮಾಡುತ್ತವೆ, ಇದು ಹಟವಲ್ಲ. ಬೆರಳಿನ ಗೆಣ್ಣುಗಳ ಮೇಲೆ ಗಾಯದ ಗುರುತು, ಕೆನ್ನೆಯ ಕೆಳಗೆ ಊತ, ಹಲ್ಲು ಜುಮ್ಮೆನ್ನುವುದು ಇದ್ದರೆ ವಾಂತಿ ಬಹಳ ದಿನಗಳದು. ಪದೇಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪುತ್ತದೆ. ತಲೆಸುತ್ತಿ ಬಿದ್ದರೆ, ಎದೆ ಡವಡವ ಎಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅದೇ ರಾತ್ರಿ ಆಸ್ಪತ್ರೆ.

ಮಾತಾಡುವಾಗ ತೂಕದ ಸುದ್ದಿ ಎತ್ತಬೇಡಿ. "ನೀ ತೆಳ್ಳಗದೀಯಲ್ಲ" ಎಂಬುದು ಅವಳ ಕಿವಿಗೆ ಬಹುಮಾನದಂತೆ ಕೇಳುತ್ತದೆ. "ರಾತ್ರಿ ನೀ ವಾಂತಿ ಮಾಡೋದು ಕೇಳಸ್ತದ, ನನಗ ಅಂಜಿಕಿ ಆಗೇದ, ನಾಳೆ ಇಬ್ರೂ ಕೂಡಿ ಹೋಗೂಣು" ಎನ್ನಿ. ವಾರ್ಡನ್‌ಗೆ ಅಥವಾ ಅವಳ ಅವ್ವನಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ನೀವೇ ಮೊದಲು ಮಾಡಿದರೂ ನಡೆಯುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ಚಿಕಿತ್ಸೆಯ ಮೊದಲ ಮೆಟ್ಟಿಲು ಸರಳ: ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಎರಡು ಸಲ ಏನಾದರೂ, ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಇಲ್ಲ. ಹಗಲು ಉಪವಾಸವಿದ್ದದ್ದಕ್ಕೇ ರಾತ್ರಿ ಕೈ ತಡೆಯುವುದಿಲ್ಲ. ವಾಂತಿಯಾದ ತಕ್ಷಣ ಬ್ರಷ್ ಮಾಡಬಾರದು, ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊದಿಕೆ ಕಿತ್ತುಬರುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಲಿ.

ಪ್ರಶ್ನೆ: ತೂಕ ಇಳಿಸುವ ಪುಡಿ ಕುಡಿದು ಎರಡು ತಿಂಗಳಲ್ಲಿ 9 ಕಿಲೋ ಇಳಿದೆ. ಈಗ ಕೂದಲು ಹಿಡಿಹಿಡಿ ಉದುರುತ್ತಿದೆ.
– ಜಮಖಂಡಿ

ಉತ್ತರ: ಊಟ ಒಮ್ಮೆಲೇ ಕಡಿಮೆಯಾದಾಗ ದೇಹ ಕೂದಲಿನ ಖರ್ಚು ಮೊದಲು ನಿಲ್ಲಿಸುತ್ತದೆ. ಉದುರುವುದು ಎರಡು-ಮೂರು ತಿಂಗಳ ನಂತರ ಕಾಣುವುದರಿಂದ ಎಣ್ಣೆ, ಶಾಂಪೂಗೆ ಬೈಗುಳ ಬೀಳುತ್ತದೆ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ) ಪರೀಕ್ಷೆ ಮಾಡಿಸಿ. ಕಾಳು, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಟ್ಟೆ, ಮೊಸರು ತಟ್ಟೆಗೆ ಮರಳಲಿ. ಕಬ್ಬಿಣದ ಗುಳಿಗೆಯನ್ನು ಚಹಾ ಜೊತೆ ನುಂಗಬೇಡಿ, ಒಂದು ಗಂಟೆ ಅಂತರ ಬೇಕು. ಬೇರು ಸತ್ತಿಲ್ಲ, ಸುಮಾರು ಆರು ತಿಂಗಳಲ್ಲಿ ಕೂದಲು ಮರಳುತ್ತದೆ. ಮುಂದೆ ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಸಲು ಹೋಗಬೇಡಿ.

ಪ್ರಶ್ನೆ: ನನಗೆ 13. ಒಂದು ಎದೆ ದೊಡ್ಡದು, ಒಂದು ಸಣ್ಣದು. ಆಟದ ಪಿರಿಯಡ್ಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಅವ್ವನಿಗೆ ಹೇಳಲು ನಾಚಿಕೆ.
– ಅಥಣಿ

ಉತ್ತರ: ಎರಡೂ ಒಂದೇ ಹೊತ್ತಿಗೆ ಬೆಳೆಯಬೇಕೆಂಬ ನಿಯಮವಿಲ್ಲ. 17-18ರ ಹೊತ್ತಿಗೆ ವ್ಯತ್ಯಾಸ ಕಡಿಮೆಯಾಗುತ್ತದೆ, ಪೂರ್ತಿ ಸಮ ಬಹಳ ಹೆಂಗಸರಿಗೆ ಇರುವುದೇ ಇಲ್ಲ. ಗಂಟು, ಕೆಂಪು, ಸೋರಿಕೆ ಇದ್ದರೆ ಮಾತ್ರ ವೈದ್ಯರಿಗೆ ತೋರಿಸು. ಎದೆಯ ಕೆಳಗೆ ಟೇಪು ಸುತ್ತಿ ಅಳತೆ ತೆಗೆದುಕೊಂಡು ಸ್ಪೋರ್ಟ್ಸ್ ಬ್ರಾ ತರಿಸಿಕೊ. ಕೆಳಪಟ್ಟಿಯಲ್ಲಿ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ದೊಡ್ಡ ಬದಿಗೆ ಸರಿಹೊಂದುವ ಅಳತೆ ಆರಿಸು. ಅವ್ವನಿಗೆ ಬಾಯಿಬಿಟ್ಟು ಹೇಳಲಾಗದಿದ್ದರೆ ಈ ಪುಟ ತೆರೆದು ಅವಳ ಹಾಸಿಗೆಯ ಮೇಲಿಡು.

ಪ್ರಶ್ನೆ: ಎರಡು ಹೆರಿಗೆಯ ನಂತರ ದಪ್ಪಗಾಗಿದ್ದೇನೆ. ಮದುವೆ-ಮುಂಜಿಗೆ ಹೋದಲ್ಲೆಲ್ಲ ಚಿಗವ್ವ, ಸೋದರತ್ತಿ ಎಲ್ಲರದೂ ಅದೇ ಮಾತು. 9 ವರ್ಷದ ಮಗಳು ಪಕ್ಕದಲ್ಲೇ ನಿಂತು ಕೇಳುತ್ತಾಳೆ. ಹೋಗುವುದೇ ಬೇಡವೆನಿಸಿದೆ, ಹಳೆಯ ಜಂಪರ (ರವಿಕೆ) ಒಂದೂ ಏರುವುದಿಲ್ಲ.
– ಇಳಕಲ್ಲ

ಉತ್ತರ: ವಿವರಣೆ ಕೊಡಬೇಡಿ. "ಥೈರಾಯ್ಡ್ ಅದರಿ, ವಾಕಿಂಗ್ ಹಚ್ಚೇನರಿ" ಎಂದರೆ ಮಾತು ಬೆಳೆಯುತ್ತದೆ. "ಹೌದರಿ ಚಿಗವ್ವ, ಎರಡು ಹಡದೇನಿ. ನಿಮ್ಮ ಮೊಣಕಾಲು ಹೆಂಗದಾವ?" ಎಂದು ನಗುತ್ತ ಕೇಳಿ, ಉತ್ತರ ಬರುವಷ್ಟರಲ್ಲಿ ತಾಟು ತರಲು ಹೊರಡಿ. ಮೂರನೇ ಸಲವೂ ಎತ್ತಿದರೆ ಮಗಳ ಮುಂದೆಯೇ "ಮೈ ಸುದ್ದಿ ಬ್ಯಾಡ್ರಿ" ಎಂದು ಹೇಳಿ. ಅವಳು ಕೇಳಿಸಿಕೊಳ್ಳಬೇಕಾದ ಮಾತು ಅದೇ. ಮನೆಯಲ್ಲಿ ಕನ್ನಡಿ ಮುಂದೆ ನೀವೇ ನಿಮ್ಮ ಹೊಟ್ಟೆಗೆ ಬೈದುಕೊಳ್ಳುವುದನ್ನೂ ನಿಲ್ಲಿಸಿ. ಆರೋಗ್ಯದ ಲೆಕ್ಕ ಬೇಕಾದರೆ ಸೊಂಟಕ್ಕೆ ಟೇಪು ಹಿಡಿಯಿರಿ. 80 ಸೆಂ.ಮೀ. ದಾಟಿದ್ದರೆ ಸಕ್ಕರೆ, ಬಿಪಿ ಒಮ್ಮೆ ನೋಡಿಸಿ.

ಜಂಪರ ಎಸೆಯಬೇಡಿ. ಒಳಗೆ ಎರಡೂ ಬದಿಯಲ್ಲಿ ಹೆಚ್ಚಿನ ಬಟ್ಟೆ ಬಿಟ್ಟು ಹೊಲಿದಿರುತ್ತಾರೆ. ಪ್ರತಿ ಪದರದಿಂದ ಅರ್ಧ ಇಂಚು ಬಿಚ್ಚಿದರೆ ನಾಲ್ಕು ಪದರ ಸೇರಿ 2 ಇಂಚು ಸಿಗುತ್ತದೆ. ಇನ್ನೂ ಬೇಕಾದರೆ ಕಂಕುಳಿನ ಕೆಳಗೆ ಅದೇ ಬಣ್ಣದ ಪಟ್ಟಿ ಕೂರಿಸಲು ಟೇಲರ್‌ಗೆ ಹೇಳಿ, ಸೆರಗಿನಡಿ ಕಾಣುವುದಿಲ್ಲ. ಖಣದ ಜಂಪರವಾದರೆ ಹಳೆಯ ಹೊಲಿಗೆಯ ತೂತುಗಳು ಉಳಿಯುತ್ತವೆ, ಹೊಲಿಯುವ ಮೊದಲು ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿಸಿ.