ಸಣ್ಣ ಉದ್ಯಮಕ್ಕೆ ಉಚಿತ ಸಲಹೆ ಸಾಕೇ, ಹಣ ಕೊಟ್ಟು ಯೋಜನಾ ವರದಿ ಮಾಡಿಸಬೇಕೇ?

ತರಬೇತಿ ಸಂಸ್ಥೆಯವರು ಬಿಟ್ಟಿಯಾಗಿ ಹೇಳುವುದನ್ನು ನಂಬಬೇಕೋ, 30,000 ರೂಪಾಯಿ ಕೇಳುತ್ತಿರುವ ಸಲಹೆಗಾರರಿಂದ ಸರ್ಕಾರದ ಸಹಾಯಧನ ಹೆಚ್ಚು ಸಿಗುವಂತೆ ಬ್ಯಾಂಕಿಗೆ ಕೊಡುವ ಯೋಜನಾ ವರದಿ ಬರೆಸಬೇಕೋ ಎಂದು ಕೇಳಿದ್ದೀರಿ. 2021ರಲ್ಲಿ ನಾನೂ ಇದೇ ಗೊಂದಲದಲ್ಲಿದ್ದು, 25,000 ರೂಪಾಯಿ ಕೊಟ್ಟು ತಪ್ಪು ದಾರಿ ಹಿಡಿದೆ.

ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಸುತ್ತಲೂ ಶೇಂಗಾ ಬೆಳೆಯುವ ಸೀಮೆಯಾದ್ದರಿಂದ ಗಾಣ ಹಾಕಿ ಎಣ್ಣೆ ಮಾರಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಆರಂಭಿಸಿದ ರುಡ್‌ಸೆಟ್‌ನ ಮಾದರಿಯಲ್ಲಿ ಈಗ ಹೆಚ್ಚಿನ ಜಿಲ್ಲೆಗಳಲ್ಲಿ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆಯಷ್ಟೆ. ಅಂಥದೊಂದರಲ್ಲಿ ಹತ್ತು ದಿನ ಇದ್ದು ಕಲಿತೆ. ಊಟ, ವಸತಿ, ಪಾಠ ಯಾವುದಕ್ಕೂ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅಲ್ಲಿ ಲೆಕ್ಕದ ಪಾಠ ಮಾಡುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ನನ್ನ ಯೋಜನೆಯನ್ನು ಕೇಳಿ, "ನೋಡಮ್ಮಾ, ಒಂದೇ ಗಾಣ ಹಾಕು. ಆರು ಲಕ್ಷದ ಯೋಜನೆ ಮಾಡಿ ಅದರಲ್ಲಿ ಮೂರು ಲಕ್ಷವನ್ನು ಬೀಜಕ್ಕೆಂದು ಇಟ್ಟುಕೋ" ಎಂದರು. ದುಡ್ಡು ತೆಗೆದುಕೊಳ್ಳದೆ ಹೇಳಿದ ಮಾತಾದ್ದರಿಂದಲೋ ಏನೋ, ಅದು ನನಗೆ ಹಗುರವಾಗಿ ಕಂಡಿತು.

ಆ 25,000 ತೆಗೆದುಕೊಂಡ ಪೇಟೆಯ ಮಧ್ಯವರ್ತಿಯೊಬ್ಬರು ಅದೇ ಯೋಜನೆಯನ್ನು ಹತ್ತು ಲಕ್ಷಕ್ಕೆ ಏರಿಸಿ ತೋರಿಸಿದರು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನವಿದೆ, ಸ್ವಂತ ಪಾಲು ಶೇ. 5 ಸಾಕು. ಆರು ಲಕ್ಷಕ್ಕೆ 2,10,000 ಬರುವ ಕಡೆ ಹತ್ತು ಲಕ್ಷಕ್ಕೆ 3,50,000 ಬರುತ್ತದೆ. ಆ 1,40,000 ರೂಪಾಯಿಯ ವ್ಯತ್ಯಾಸವೇ ನನ್ನ ಕಣ್ಣು ಕಟ್ಟಿತು. ಎರಡು ಗಾಣ, ಸುಲಿಯುವ ಯಂತ್ರ, ಸೋಸುವ ಯಂತ್ರ, ಬಾಟಲಿ ತುಂಬುವ ಯಂತ್ರ, ಶೆಡ್ಡು ಎಲ್ಲ ಸೇರಿ ಒಂಬತ್ತೂವರೆ ಲಕ್ಷವಾಯಿತು; ದುಡಿಯುವ ಬಂಡವಾಳಕ್ಕೆ, ಅಂದರೆ ಬೀಜ ಕೊಳ್ಳುವಂಥ ದಿನನಿತ್ಯದ ಖರ್ಚಿಗೆ, ಶಾಸ್ತ್ರಕ್ಕೆಂದು 50,000 ಬರೆದರು. ಸಣ್ಣ ಉದ್ಯಮಗಳಿಗೆ ಸರ್ಕಾರದಲ್ಲಿ ಪುಕ್ಕಟೆಯಾಗಿ ಆಗುವ ಉದ್ಯಮ್ ನೋಂದಣಿಗೂ 2,000 ರೂಪಾಯಿ ವಸೂಲಿ ಮಾಡಿದರು ಎಂಬುದು ಬೇರೆ ಮಾತು.

ಆ 50,000ದ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನನ್ನನ್ನು ಕೆಡಿಸಿದ್ದು ಅದೊಂದೇ. ಒಂದು ಗಾಣ ದಿನಕ್ಕೆ ಸುಮಾರು ನೂರು ಕಿಲೋ ಬೀಜ ಅರೆಯುತ್ತದೆ. 2022ರ ಸುಗ್ಗಿಯಲ್ಲಿ ಸುಲಿದ ಬೀಜ ನನಗೆ ಕಿಲೋಗೆ 90 ರೂಪಾಯಿಗೆ ಸಿಗುತ್ತಿತ್ತು. ಅಂದರೆ ದಿನಕ್ಕೆ 9,000, ತಿಂಗಳಿಗೆ ಇಪ್ಪತ್ತೈದು ದಿನ ಆಡಿಸಿದರೆ 2,25,000 ರೂಪಾಯಿ, ಅದೂ ಒಂದೇ ಗಾಣಕ್ಕೆ. ನನ್ನ ಬಳಿ ಇದ್ದದ್ದು ಐದೂವರೆ ದಿನದ ಬೀಜದ ದುಡ್ಡು. ಮಾರಿದ ಎಣ್ಣೆಯ ಹಣ ಕೂಡಲೇ ಬಂದಿದ್ದರೆ ಹೇಗೋ ತಿರುಗಿಸಬಹುದಿತ್ತು; ಆದರೆ ಅಂಗಡಿಯವರು ಉದ್ರಿ ಇಟ್ಟು ಒಂದೂವರೆ ತಿಂಗಳಿಗೆ ಕೊಡುತ್ತಿದ್ದರು. ಹಾಗಾಗಿ ಅಕ್ಟೋಬರ್, ನವೆಂಬರಿನಲ್ಲಿ ರೈತರು ಮನೆ ಬಾಗಿಲಿಗೆ ಶೇಂಗಾ ತಂದಾಗ ಕೊಳ್ಳಲಾಗದೆ, ಬೇಸಿಗೆಯಲ್ಲಿ ದಲಾಲಿ ಅಂಗಡಿಯಿಂದ 105 ರೂಪಾಯಿಯಂತೆ ಚೀಲ ಚೀಲವಾಗಿ ತಂದೆ. ಒಂದು ಲೀಟರ್ ಎಣ್ಣೆಗೆ ಎರಡೂವರೆ ಕಿಲೋ ಬೀಜ ಬೇಕು. ಸುಗ್ಗಿಯ ದರದಲ್ಲಿ ಅದಕ್ಕೆ 225 ರೂಪಾಯಿ. ಹಿಂಡಿ ಮಾರಿದರೆ 60 ವಾಪಸ್ಸು. ಕರೆಂಟು, ಕೂಲಿ, ಬಾಟಲಿಗೆ 55. ಒಟ್ಟು 220 ಬಿದ್ದದ್ದನ್ನು ಅಂಗಡಿಗೆ 260ಕ್ಕೆ ಕೊಟ್ಟರೆ 40 ರೂಪಾಯಿ ಉಳಿಯಬೇಕಿತ್ತು. ಕಿಲೋ ಬೀಜಕ್ಕೆ ಹದಿನೈದು ರೂಪಾಯಿ ಹೆಚ್ಚಾದಾಗ ಆ ನಲವತ್ತರಲ್ಲಿ ಎರಡೂವರೆ ರೂಪಾಯಿ ಮಾತ್ರ ಉಳಿಯಿತು. ಬ್ಯಾಂಕಿನ ಕಂತು ತಿಂಗಳಿಗೆ ಸುಮಾರು 13,000 ಇತ್ತು.

ಸಹಾಯಧನವಾದರೂ ಕೈಗೆ ಬರುತ್ತದೆಂದು ತಿಳಿದಿದ್ದೆ. ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇದ್ದು, ಘಟಕವನ್ನು ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಇರುವುದಿಲ್ಲ ಎಂಬುದಷ್ಟೇ ಆವರೆಗಿನ ಲಾಭ. ಯಂತ್ರಗಳು ಬ್ಯಾಂಕಿನ ಅಡಮಾನದಲ್ಲಿದ್ದುದರಿಂದ ಕೆಲಸವಿಲ್ಲದ ಎರಡನೆಯ ಗಾಣವನ್ನು ಮಾರುವಂತೆಯೂ ಇರಲಿಲ್ಲ. ಗೋಣಿಚೀಲ ಹೊದ್ದು ಮೂಲೆಯಲ್ಲಿ ನಿಂತ ಅದಕ್ಕೂ ಕಂತು ಕಟ್ಟಿದೆ.

2023ರ ಬೇಸಿಗೆ ಮುಗಿಯುವ ಹೊತ್ತಿಗೆ ನಾಚಿಕೆ ಬಿಟ್ಟು ಆ ಮ್ಯಾನೇಜರರ ಬಳಿಗೆ ಮತ್ತೆ ಹೋದೆ. ಈ ಸಂಸ್ಥೆಗಳು ತರಬೇತಿಯ ನಂತರವೂ ಎರಡು ವರ್ಷ ನಮ್ಮ ಬೆನ್ನಿಗಿರುತ್ತವೆ ಎಂಬುದು ಆಗ ನೆನಪಾಯಿತು. ಅವರು ಬೈಯಲಿಲ್ಲ. ದಿನದ ಖರೀದಿ, ಮಾರಾಟ, ಉದ್ರಿ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಿದರು. ಅದನ್ನು ನೋಡಿ, "ಸ್ವಂತ ಎಣ್ಣೆ ಕಡಿಮೆ ಮಾಡು, ರೈತರು ತಂದ ಬೀಜವನ್ನು ಕೂಲಿಗೆ ಅರೆದುಕೊಡು" ಎಂದರು. ಬೀಜ ಅವರದು, ಎಣ್ಣೆ ಅವರದು, ಕಿಲೋಗಿಷ್ಟು ಎಂದು ಕೂಲಿ ನನ್ನದು, ಬಂಡವಾಳವೇ ಬೇಡ. ಉಸಿರಾಡುವಂತಾದದ್ದು ಅದರಿಂದ. ಒಂದು ವರ್ಷದ ನೋಟ್‌ಬುಕ್ಕನ್ನು ತೋರಿಸಿದ ಮೇಲೆ ಬ್ಯಾಂಕಿನವರು ಎರಡು ಲಕ್ಷದ ನಗದು ಸಾಲ (ಬೇಕಾದಾಗ ತೆಗೆದು ಮತ್ತೆ ಕಟ್ಟುವ ಕ್ಯಾಶ್ ಕ್ರೆಡಿಟ್) ಕೊಟ್ಟರು. ಮುಂದಿನ ಸುಗ್ಗಿಗೆ ಬೀಜ ಸುಗ್ಗಿಯ ದರದಲ್ಲೇ ಬಂತು. ಎರಡನೆಯ ಗಾಣ 2025ರಲ್ಲಿ, ಬ್ಯಾಂಕಿನ ಒಪ್ಪಿಗೆ ಪಡೆದು, ಕೊಂಡ ಬೆಲೆಯ ಅರ್ಧಕ್ಕೆ ಹೋಯಿತು.

ಈಗ ನಿಮ್ಮ ವಿಷಯ. ಉಚಿತವೋ ಹಣದ್ದೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಸಲಹೆ ಹೇಳುವವರಿಗೆ ನಿಮ್ಮ ಸಾಲ ದೊಡ್ಡದಾದರೆ ಲಾಭವಿದೆಯೇ ಎಂದು ಮಾತ್ರ ನೋಡಿ. ಉಚಿತವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ: ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಾಲದ ಅರ್ಜಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ, ಆದರೆ ಸಾಲ ಮಂಜೂರಾದರೆ ಸರ್ಕಾರ ಅವರಿಗೆ ಗೌರವಧನ ಕೊಡುತ್ತದೆ. ಅವರಲ್ಲಿ ಒಳ್ಳೆಯವರೇ ಹೆಚ್ಚು. ಆದರೂ ಇದು ನಿಮಗೆ ಗೊತ್ತಿರಲಿ. ತರಬೇತಿ ಸಂಸ್ಥೆಯವರಿಗೂ ಮಿತಿಯಿದೆ. ನಿಮ್ಮ ಪೇಟೆಯಲ್ಲಿ ಯಾವ ಅಂಗಡಿಯವನು ಎಷ್ಟು ದಿನ ಉದ್ರಿ ಇಡುತ್ತಾನೆಂದು ಅವರಿಗೆ ತಿಳಿದಿರುವುದಿಲ್ಲ, ಅದನ್ನು ನೀವೇ ಹತ್ತು ಅಂಗಡಿ ಸುತ್ತಿ ಕೇಳಿಕೊಳ್ಳಬೇಕು.

ನಿಮ್ಮ ಪ್ರಶ್ನೆಯಲ್ಲಿ ಸಹಾಯಧನದ ಶೇಕಡಾವಾರು ಎರಡು ಬಾರಿ ಬಂದಿದೆ, ಆದರೆ ನೀವು ಏನು ಮಾರುತ್ತೀರಿ ಎಂಬುದು ಒಮ್ಮೆಯೂ ಬಂದಿಲ್ಲ. ಆ 30,000 ರೂಪಾಯಿಯನ್ನು ಕೊಡಬೇಡಿ. ಮೂರು ತಿಂಗಳ ಕಚ್ಚಾ ಸರಕಿಗೆ ಎಷ್ಟು ಬೇಕು, ಎಷ್ಟು ದಿನಕ್ಕೆ ಹಣ ಮರಳುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಯಂತ್ರದ ಕೊಟೇಷನ್ ತರುವ ಮೊದಲೇ ತರಬೇತಿ ಸಂಸ್ಥೆಗೆ ಹೋಗಿ ಅಲ್ಲಿನವರ ಮುಂದಿಡಿ.