ಕೊರಿಯನ್ ಕಲಿಯಲು ಎಷ್ಟು ಕಾಲ ಬೇಕು: ತಿಂಗಳು ಬಿಡಿ, ಗಂಟೆ ಲೆಕ್ಕ ಹಾಕಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕೊರಿಯನ್ ಒಂದಕ್ಷರವೂ ಗೊತ್ತಿಲ್ಲ, ದಿನಕ್ಕೆ ಒಂದು ಗಂಟೆ ಸಿಗುತ್ತದೆ, ಸಬ್‌ಟೈಟಲ್ ಇಲ್ಲದೆ ಡ್ರಾಮಾ, ಅಂದರೆ ಅವರ ಟಿವಿ ಧಾರಾವಾಹಿ, ನೋಡುವ ಆಸೆ, ಒಂದು ಕ್ಲಾಸಿನವರು ಮೂರು ತಿಂಗಳಲ್ಲಿ ಮಾತಾಡಿಸುತ್ತೇವೆ ಎಂದಿದ್ದಾರೆ, ಸೇರಬಹುದಾ ಎಂದು ಕೇಳಿದ್ದೀರಿ. ಸೇರಿ, ತಪ್ಪೇನಿಲ್ಲ. ಆದರೆ ಮೂರು ತಿಂಗಳಿಗೆ ಬರುವುದು ಹೆಸರು ಹೇಳಿಕೊಳ್ಳುವುದು, ಕಾಫಿ ಕೇಳುವುದು, ಬೋರ್ಡು ಓದುವುದು, ಅಷ್ಟೇ. ನಾನೂ ಅಂಥದ್ದೇ ಒಂದು ಕ್ಲಾಸಿಗೆ ದುಡ್ಡು ಕಟ್ಟಿದ್ದೆ. ಮುಗಿದ ಮೇಲೆ ಡ್ರಾಮಾ ಹಾಕಿದರೆ ಹತ್ತು ನಿಮಿಷಕ್ಕೆ ನಾಲ್ಕು ಪದ ಕಿವಿಗೆ ಬೀಳುತ್ತಿತ್ತು. ನನ್ನಿಂದ ಆಗುವುದಿಲ್ಲ ಎಂದುಕೊಂಡು ಎರಡು ತಿಂಗಳು ಪುಸ್ತಕ ಮುಟ್ಟಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಅವರ ಲೆಕ್ಕದಲ್ಲಿ ಕೊರಿಯನ್‌ಗೆ 88 ವಾರ, ಒಟ್ಟು 2200 ಗಂಟೆ ಕ್ಲಾಸು. ಚೈನೀಸ್, ಜಪಾನೀಸ್, ಅರಬ್ಬಿ ಜೊತೆ ಅತಿ ಕಷ್ಟದ ಗುಂಪಿಗೆ ಸೇರಿಸಿದ್ದಾರೆ. ದಿನಕ್ಕೆ ಒಂದು ಗಂಟೆಯಂತೆ ಹಾಕಿದರೆ ಆರು ವರ್ಷ! ಹೆದರಬೇಡಿ. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ, ಅದೂ ಆ ಭಾಷೆಯಲ್ಲಿ ಕಚೇರಿ ಕೆಲಸ ಮಾಡುವ ಮಟ್ಟಕ್ಕೆ. ನಿಮ್ಮ ಮನೆಮಾತು ಕನ್ನಡ ಅಲ್ವಾ? ಅಲ್ಲೇ ಇರುವುದು ವ್ಯತ್ಯಾಸ.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಇಂಗ್ಲಿಷ್ ಪಠ್ಯದಲ್ಲಿ 'ಮೊಗೊ ಬ್ವಾಯೊ' ಎಂಬುದಕ್ಕೆ ಎರಡು ಪುಟ ವಿವರಣೆ ಇತ್ತು. ಮುಖ್ಯ ಕ್ರಿಯಾಪದ ಆದ ಮೇಲೆ 'ನೋಡು' ಎಂಬ ಪದ ಬಂದರೆ 'ಪ್ರಯತ್ನಿಸು' ಎಂಬ ಅರ್ಥ, ಅದು ಯಾಕೆ, ಯಾವಾಗ, ಹೇಗೆ ಅಂತ. ಮೂರು ಸಲ ಓದಿದೆ, ತಲೆಗೆ ಹೋಗಲಿಲ್ಲ. ಆಮೇಲೆ ಪದಪದಕ್ಕೆ ಕನ್ನಡ ಬರೆದುಕೊಂಡೆ: ತಿಂದು ನೋಡಿ. ಮುಗೀತು! ಅಮ್ಮ ದಿನಾ ಹೇಳುವ ಮಾತು. 'ಕಾ ಬೊರ್ಯೊಸ್ಸೊಯೊ' ಅಂದರೆ ಹೋಗಿಬಿಟ್ಟರು, ನಮ್ಮ 'ಬಿಡು' ಮಾಡುವ ಕೆಲಸವನ್ನೇ ಅವರ 'ಬೊರಿದಾ' ಮಾಡುತ್ತದೆ. 'ಹೆ ಜುಸೆಯೊ' ಅಂದರೆ ಮಾಡಿ ಕೊಡಿ. 'ನೆಗಾ ಮೊಗುನ್ ಬಾಪ್' ಅಂದರೆ ನಾನು ತಿಂದ ಅನ್ನ, ಪದಗಳು ಇದೇ ಸಾಲಿನಲ್ಲಿ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ತುದಿಗೆ, ಎಲ್ಲ ನಮ್ಮ ಹಾಗೇ. ನಮಗಿಂತ ಸುಲಭ ಕೂಡ, ಯಾಕೆಂದರೆ ನಾನು, ಅವಳು, ಅವರು ಯಾರೇ ಹೋದರೂ 'ಕಾಯೊ' ಒಂದೇ, ಲಿಂಗ ವಚನದ ಗೊಡವೆಯೇ ಇಲ್ಲ. ಹಾಗಾಗಿ ನೋಟ್ಸು ಇಂಗ್ಲಿಷಿನಲ್ಲಿ ಮಾಡಬೇಡಿ. ಪಾಠ ಇಂಗ್ಲಿಷಿನಲ್ಲೇ ಇರುತ್ತದೆ, ಬೇರೆ ದಾರಿ ಇಲ್ಲ, ಆದರೆ ಪ್ರತಿ ವಾಕ್ಯದ ಕೆಳಗೆ ಕನ್ನಡ ಬರೆಯಿರಿ. ನನಗೆ ಇದರಿಂದ ಉಳಿದಷ್ಟು ಸಮಯ ಬೇರೆ ಯಾವ ಆ್ಯಪಿನಿಂದಲೂ ಉಳಿಯಲಿಲ್ಲ.

ಲಿಪಿಗೆ ಒಂದು ವಾರ ಸಾಕು. ರಾಜ ಸೇಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ ಲಿಪಿ ಅದು, ಹಾಂಗುಲ್. ಜಾಣನಿಗೆ ಒಂದು ಬೆಳಗು, ದಡ್ಡನಿಗೆ ಹತ್ತು ದಿನ ಸಾಕು ಎಂದು ಆಗಲೇ ಬರೆದಿಟ್ಟಿದ್ದಾರೆ. ಈಗಿನ ಮೂಲ ಅಕ್ಷರ 24, ವ್ಯಂಜನ 14, ಸ್ವರ 10. ವ್ಯಂಜನಕ್ಕೆ ಸ್ವರ ಸೇರಿಸಿ ಒಂದೊಂದು ಉಚ್ಚಾರವನ್ನು ಒಂದೊಂದು ಚೌಕದಲ್ಲಿ ಕೂರಿಸುತ್ತಾರೆ, ಕಾಗುಣಿತ ತಿದ್ದಿದವರಿಗೆ ಇದನ್ನು ವಿವರಿಸಲೇ ಬೇಕಿಲ್ಲ. ಬರೆದದ್ದು ಒಂದು ಹೇಳುವುದು ಒಂದು ಎಂದು ಎಲ್ಲರೂ ಗೋಳಾಡುವ ಕಡೆಯೂ ನಮಗೆ ಸಹಾಯ ಇದೆ. 'ಹಾಪ್-ನಿ-ದಾ' ಎಂದು ಬರೆದು 'ಹಾಮ್ನಿದಾ' ಎನ್ನುತ್ತಾರೆ. ವಾಕ್ + ಮಯ ವಾಙ್ಮಯ ಆದ ಹಾಗೆ, ಹೈಸ್ಕೂಲಿನ ಅನುನಾಸಿಕ ಸಂಧಿ ನೆನಪಿಸಿಕೊಳ್ಳಿ.

ಈಗ ನಿಜವಾಗಿ ಸಮಯ ತಿನ್ನುವ ಜಾಗಗಳು. ಮೊದಲನೆಯದು ಕಿವಿ. ಚಂದ್ರ, ಮಗಳು, ಮುಖವಾಡ, ಈ ಮೂರರ ಕೊರಿಯನ್ ಪದಗಳೂ ನನಗೆ ಬಹಳ ದಿನ 'ತಾಲ್' ಎಂದೇ ಕೇಳುತ್ತಿದ್ದವು. ಮುಖವಾಡದ್ದು ಹೆಚ್ಚುಕಮ್ಮಿ ನಮ್ಮ ಥ, ಮಗಳದ್ದು ಬಿಗಿಯಾದ ತ, ಚಂದ್ರನದ್ದು ಇವೆರಡೂ ಅಲ್ಲದ ಸಡಿಲವಾದ ಒಂದು ಸದ್ದು. ಸುಮ್ನೆ ಓದಿದರೆ ಬರುವುದಿಲ್ಲ, ರೆಕಾರ್ಡ್ ಮಾಡಿ ಕೇಳಿಕೊಳ್ಳಬೇಕು. ನಮ್ಮಲ್ಲಿ ಇಲ್ಲದ ಒಂದು ಸ್ವರ ಇದೆ, ಅದಕ್ಕೆ ಉ ಹೇಳುತ್ತಾ ತುಟಿಯನ್ನು ಗುಂಡಗೆ ಮಾಡದೆ ನಗುವಾಗಿನಂತೆ ಅಗಲ ಮಾಡಿ, ಬರುತ್ತದೆ.

ಎರಡನೆಯದು ಎಣಿಕೆ. ಅವರಲ್ಲಿ ಎರಡು ಎಣಿಕೆ, ಒಂದು ಅವರದೇ, ಇನ್ನೊಂದು ಚೀನಾದಿಂದ ಬಂದದ್ದು. ಗಂಟೆಗೆ ಮೊದಲನೆಯದು, ನಿಮಿಷಕ್ಕೆ ಎರಡನೆಯದು. ಮೂರು ಗಂಟೆ ಮೂರು ನಿಮಿಷ ಅನ್ನಲು 'ಸೆ ಶಿ ಸಾಮ್ ಬುನ್' ಎನ್ನಬೇಕು. ಒಂದೇ ಮೂರು, ಮೊದಲು ಸೆ, ಆಮೇಲೆ ಸಾಮ್. ಇದು ನಾಲಿಗೆಗೆ ಕೂರಲು ನನಗೆ ಆರು ತಿಂಗಳು ಹಿಡಿಯಿತು.

ಮೂರನೆಯದು ಮರ್ಯಾದೆ. ನೀನು, ನೀವು ಗೊತ್ತಿರುವ ನಮಗೆ ಭಾವ ಹೊಸದಲ್ಲ, ಹಿರಿಯರಿಗೆ ನೇರವಾಗಿ 'ನೀವು' ಎನ್ನದೆ 'ಮೇಷ್ಟ್ರು ಯಾವಾಗ ಬಂದ್ರಿ' ಎನ್ನುವ ಹಾಗೆ ಅವರೂ ಹುದ್ದೆ, ಸಂಬಂಧ ಹಿಡಿದು ಮಾತಾಡಿಸುತ್ತಾರೆ. ಅವರೂ ಊಟ ಆಯ್ತಾ ಎಂದು ವಿಚಾರಿಸುತ್ತಾರೆ, ಗೆಳೆಯನಿಗೆ 'ಬಾಪ್ ಮೊಗೊಸ್ಸೊ', ಹಿರಿಯರಿಗೆ 'ಶಿಕ್ಸಾ ಹಾಶೊಸ್ಸೊಯೊ'. ಕ್ಲಾಸಿನಲ್ಲಿ ಕಲಿಸುವುದು 'ಯೊ' ಹಚ್ಚಿದ ಮರ್ಯಾದೆಯ ಮಾತು, ಡ್ರಾಮಾದಲ್ಲಿ ಗೆಳೆಯರು ಆಡುವುದು 'ಯೊ' ಇಲ್ಲದ ಸಲಿಗೆಯ ಮಾತು, ಅದೂ ಅರ್ಧ ನುಂಗಿ. ಮೂರು ತಿಂಗಳ ಕ್ಲಾಸು ಮುಗಿಸಿದರೂ ಡ್ರಾಮಾ ಅರ್ಥವಾಗದಿರುವುದಕ್ಕೆ ಇದೇ ದೊಡ್ಡ ಕಾರಣ.

ಲೆಕ್ಕ ಕೇಳಿದ್ದೀರಲ್ಲ, ನಾನು ಕಂಡಂತೆ ಹೇಳುತ್ತೇನೆ. ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆ ಇದೆ, ಆರು ಹಂತ. ಮೊದಲ ಎರಡು ಹಂತಕ್ಕೆ ಒಂದೇ ಪತ್ರಿಕೆ, 200 ಅಂಕಕ್ಕೆ, ಕೇಳುವುದು ಮತ್ತು ಓದುವುದು ಮಾತ್ರ. 80 ಬಂದರೆ ಒಂದನೇ ಹಂತ, 140 ಬಂದರೆ ಎರಡು. ಒಂದನೇ ಹಂತಕ್ಕೆ ಸುಮಾರು 800 ಪದ ಬೇಕು. ನಿಮ್ಮ ಒಂದು ಗಂಟೆ ತಪ್ಪದೆ ನಡೆದರೆ ಏಳೆಂಟು ತಿಂಗಳಿಗೆ ಅದು ಕೈಗೆ ಸಿಗುತ್ತದೆ. ಎರಡನೇ ಹಂತ ಒಂದೂವರೆ ವರ್ಷಕ್ಕೆ, ನನಗೆ ಅಷ್ಟೇ ಆಯಿತು. ಮನೆ, ಊಟ, ಆಫೀಸಿನ ಸಾದಾ ಡ್ರಾಮಾ ಸಬ್‌ಟೈಟಲ್ ಇಲ್ಲದೆ ಮುಕ್ಕಾಲು ಪಾಲು ಹಿಡಿಯಲು ಮೂರು ವರ್ಷ ಇಟ್ಟುಕೊಳ್ಳಿ. ಕೋರ್ಟು, ಆಸ್ಪತ್ರೆ, ರಾಜರ ಕಾಲದ ಕಥೆಗಳಿಗೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಚೀನೀ ಮೂಲದ ಪದಗಳ ಹೊರೆ. ನಮ್ಮಲ್ಲಿ ಕೋರ್ಟು ಕಾಗದದ ಕನ್ನಡ ಬೇರೆ, ಅಡುಗೆಮನೆಯ ಕನ್ನಡ ಬೇರೆ ಇದ್ದ ಹಾಗೆ.

ದಿನದ ಗಂಟೆಯನ್ನು ಹೀಗೆ ಹಂಚಿ: ಬೆಳಗ್ಗೆ ಇಪ್ಪತ್ತು ನಿಮಿಷ ಹಳೆಯ ಪದ ತಿರುಗಿಸಿ, ರಾತ್ರಿ ನಲವತ್ತು ನಿಮಿಷ ಒಂದು ಪಾಠ, ಅದರಲ್ಲಿ ಹತ್ತು ನಿಮಿಷ ಬಾಯಿ ಬಿಟ್ಟು ಗಟ್ಟಿಯಾಗಿ ಓದಿ. ಭಾನುವಾರ ಹೊಸದು ಬೇಡ, ನೋಡಿದ ಒಂದು ಡ್ರಾಮಾದ ಐದೇ ನಿಮಿಷ ತೆಗೆದುಕೊಂಡು ಮತ್ತೆ ಮತ್ತೆ ಕೇಳಿ. ಪಾಠಕ್ಕೆ ಕೊರಿಯಾ ಸರ್ಕಾರದ ಕಿಂಗ್ ಸೇಜೊಂಗ್ ಇನ್‌ಸ್ಟಿಟ್ಯೂಟಿನ ಉಚಿತ ಆನ್‌ಲೈನ್ ಕೋರ್ಸು ಸಾಕು, ದುಡ್ಡಿನ ಕ್ಲಾಸು ಆಮೇಲೆ ಮಾತಾಡುವ ಅಭ್ಯಾಸಕ್ಕೆ ನೋಡಿಕೊಳ್ಳಿ.

ಮೊದಲ ವಾರ ಮುಗಿದ ಮೇಲೆ ಮನೆಯವರ ಹೆಸರುಗಳನ್ನೆಲ್ಲ ಹಾಂಗುಲಿನಲ್ಲಿ ಬರೆದು ಇಲ್ಲೇ ಫೋಟೋ ಹಾಕಿ, ತಿದ್ದಿಕೊಡುತ್ತೇನೆ. ಮನೆಯಲ್ಲಿ ವಿಜಯ, ವನಜ ಯಾರಾದರೂ ಇದ್ದರೆ ಈಗಲೇ ಹೇಳಿಬಿಡುತ್ತೇನೆ: ಅವರಲ್ಲಿ ನಮ್ಮ 'ವ'ಗೆ ಅಕ್ಷರ ಇಲ್ಲ, 'ಬ' ಬರೆಯಿರಿ. ವಿಡಿಯೋ ಕೂಡ ಅವರ ಬಾಯಲ್ಲಿ ಬಿದಿಯೊ.