ಮಂಗಳೂರಿನಿಂದ ಲೇಹ್‌ಗೆ ಬೈಕ್: ಮನಾಲಿ ದಾಟಿದ ಮೇಲೆ ರಸ್ತೆ ಹೇಗಿದೆ? ಶಿರಾಡಿ ಘಾಟಿಯ ಅಭ್ಯಾಸ ಸಾಕಾ?

ಕೆಸರು, ಹೊಂಡ, ಜಲ್ಲಿಗೆ ಧಾರಾಳ ಸಾಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಲಾರಿಗಳ ಹಿಂದೆ ಬೈಕ್ ಓಡಿಸಿದವರಿಗೆ ಅದೇನು ಹೊಸದಲ್ಲ. ಆದರೆ ಅಲ್ಲಿನ ನೀರಿನ ಲೆಕ್ಕವೇ ಬೇರೆ.

ನಮ್ಮಲ್ಲಿ ಮಳೆ ಬಂದರೆ ತೋಡು ತುಂಬುತ್ತದೆ, ಅಲ್ಲಿ ಬಿಸಿಲು ಬಂದರೆ ತುಂಬುತ್ತದೆ! ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ರಸ್ತೆಯ ಮೇಲೆಯೇ ಹರಿಯುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಸಂಜೆಗೆ ಮೊಣಕಾಲಿಗೆ ಬರಬಹುದು. ಜಿಂಗ್ ಜಿಂಗ್ ಬಾರ್, ಬಾರಾಲಾಚಾ ಲಾ (‘ಲಾ’ ಅಂದರೆ ಬೆಟ್ಟ ದಾಟುವ ಘಾಟಿ) ಕಡೆ ಈ ಕಾಟ ಜಾಸ್ತಿ. ಬೆಳಕು ಹರಿಯುತ್ತಲೇ ಹೊರಟು ದಾಟಿಬಿಡಿ. ಮೊದಲ ಗೇರ್, ಒಂದೇ ಸಮ ಆಕ್ಸಿಲರೇಟರ್. ನಡುನೀರಿನಲ್ಲಿ ನಿಲ್ಲಿಸಬೇಡಿ, ಅಡಿಯಲ್ಲಿ ಜಾರುವ ಉರುಟು ಕಲ್ಲುಗಳಿರುತ್ತವೆ. ಗುಂಪಿದ್ದರೆ ಒಬ್ಬೊಬ್ಬರಾಗಿ ಹೋಗಿ.

2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿಯ ಕೆಸರು ತಪ್ಪಿದೆ. ಮೋರೆ ಬಯಲಿನಲ್ಲಿ ಡಾಂಬರು ಚೆನ್ನಾಗಿದೆ. ಅದಕ್ಕೂ ಮೊದಲು ಸಿಗುವ ಸರ್ಚು–ಪಾಂಗ್ ನಡುವೆ ಕೆಲವೆಡೆ ಕಲ್ಲು, ಧೂಳು. ಅಲ್ಲಿ ಕಿಲೋಮೀಟರ್ ನೋಡಿ ಸಮಯ ಲೆಕ್ಕ ಹಾಕಬೇಡಿ. ಪೆಟ್ರೋಲ್ ಸುರಂಗ ದಾಟಿದ ಮೇಲೆ ಸಿಗುವ ತಾಂಡಿಯಲ್ಲೇ ಫುಲ್ ಮಾಡಿ, ಕ್ಯಾನಿನಲ್ಲೂ ಇಟ್ಟುಕೊಳ್ಳಿ.

ರಸ್ತೆಗಿಂತ ನನಗೆ ಹೆದರಿಕೆ ಎತ್ತರದ್ದು. ನಾವು ಕಡಲ ದಡದವರು, ತಂಗ್‌ಲಂಗ್ ಲಾ 5,300 ಮೀಟರ್ ದಾಟುತ್ತದೆ. ಉಸಿರು ಕಟ್ಟಿ ತಲೆ ತಿರುಗುವಾಗ ಒಳ್ಳೆ ರಸ್ತೆಯಲ್ಲೂ ಬೈಕ್ ಬೀಳುತ್ತದೆ, ಅಲ್ವಾ? ಹಾಗಾಗಿ ನನ್ನನ್ನು ಕೇಳಿದರೆ, ಶ್ರೀನಗರ–ಕಾರ್ಗಿಲ್ ದಾರಿಯಲ್ಲಿ ಹತ್ತಿ. ಅಲ್ಲಿ ಏರು ನಿಧಾನ, ದೇಹ ಹೊಂದಿಕೊಳ್ಳುತ್ತದೆ. ಮನಾಲಿ ದಾರಿಯನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ.